ಹಳೆಯ ವೈನ್, ಹೊಸ ವೈನ್: ಹೋಲಿಸಿ ಸವಿಯುವ ಬಗೆ

ಪ್ರಶ್ನೆ: ಸ್ನೇಹಿತರೆಲ್ಲ ಸೇರಿ ಒಬ್ಬರೇ ತಯಾರಕರ ಹಳೆಯ ಮತ್ತು ಹೊಸ ಕೆಂಪು ವೈನ್‌ಗಳನ್ನು ಹೋಲಿಸಿ ಸವಿಯಬೇಕೆಂದಿದ್ದೇವೆ. ಯಾವುದನ್ನು ಮೊದಲು ಕುಡಿಯಬೇಕು? ಹಳೆಯದೇ ಯಾವಾಗಲೂ ಉತ್ತಮವೇ?

ಉತ್ತರ: ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ವರ್ಷಗಳು ಕಳೆದಂತೆ ಟ್ಯಾನಿನ್ (ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಒಗರಿನ ಅಂಶ) ಮತ್ತು ಬಣ್ಣದ ಅಂಶಗಳು ಒಂದಕ್ಕೊಂದು ಕೂಡಿಕೊಂಡು ಗಸಿಯಾಗಿ ತಳ ಸೇರುವುದರಿಂದ, ಕೈ ಅಲುಗದಂತೆ ನಿಧಾನವಾಗಿ ಸುರಿದು, ಬಾಟಲಿಯ ಕತ್ತಿನ ಬಳಿ ಗಸಿ ಕಾಣಿಸಿದೊಡನೆ ನಿಲ್ಲಿಸಬೇಕು. ಎಳೆಯ ವೈನನ್ನು ಒಂದು ಗಂಟೆ ಮೊದಲೇ ಅಗಲವಾದ ಹೂಜಿಗೆ ಸುರಿದು ಗಾಳಿಯಾಡಲು ಬಿಡಬಹುದು. ತೀರ ಹಳೆಯದಕ್ಕೆ ಈ ಉಪಚಾರ ಬೇಡ, ಅದರ ಪರಿಮಳ ಬೇಗ ಹಾರಿಹೋಗುತ್ತದೆ.

ಹೊಸದರಿಂದ ಹಳೆಯದಕ್ಕೆ ಸಾಗುವುದು ರೂಢಿ. ಆದರೆ ಎಳೆಯ ವೈನ್ ಬಹಳ ಒಗರಾಗಿದ್ದರೆ ನಾಲಿಗೆ ಬಿಗಿದುಕೊಂಡು ಹಳೆಯದರ ನವಿರು ತಿಳಿಯದೆ ಹೋಗುತ್ತದೆ. ಅಂಥಲ್ಲಿ ಕ್ರಮವನ್ನು ತಿರುಗಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚನ್ನು ಗಮನಿಸಿದರೆ ಎಳೆಯದರಲ್ಲಿ ನೇರಳೆ ಛಾಯೆಯೂ ಹಳೆಯದರಲ್ಲಿ ಇಟ್ಟಿಗೆಯ ಕೆಂಪೂ ಕಾಣುತ್ತವೆ. ಮೂಸಿದಾಗಲೂ ಅಷ್ಟೇ: ಹಳೆಯದರಲ್ಲಿ ತಾಜಾ ಹಣ್ಣಿನ ವಾಸನೆ ಹಿಂದೆ ಸರಿದು ತೊಗಲು, ಒಣಗಿದ ಎಲೆ, ಅಣಬೆಗಳ ನೆನಪು ತರುವ ವಾಸನೆ ಮುಂದೆ ಬಂದಿರುತ್ತದೆ.

ಹಳೆಯದೆಲ್ಲ ಉತ್ತಮವೆಂಬುದು ನಿಜವಲ್ಲ. ಬಹುಪಾಲು ವೈನ್‌ಗಳು ಕೆಲವೇ ವರ್ಷಗಳಲ್ಲಿ ಕುಡಿಯಲೆಂದೇ ತಯಾರಾದವು. ಹುಳಿ ಮತ್ತು ಟ್ಯಾನಿನ್ ಸಾಕಷ್ಟಿಲ್ಲದವು ಇಟ್ಟಷ್ಟೂ ಸಪ್ಪೆಯಾಗುತ್ತವೆ.