ನಮ್ಮ ಕ್ಲಾಸಿನ ಬಗ್ಗೆ ನಾವೇ ಸಂಶೋಧನೆ ಮಾಡಲು ಕನ್ನಡದಲ್ಲಿ ಏನು ಸಿಗುತ್ತದೆ?

ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಗೆ ಟೀಚರಾಗಿ ಹೊಸದಾಗಿ ಸೇರಿದ್ದೇನೆ, ಕ್ರಿಯಾ ಸಂಶೋಧನೆ (ನಮ್ಮ ಕ್ಲಾಸಿನ ತೊಂದರೆಯನ್ನು ನಾವೇ ಪರೀಕ್ಷಿಸಿ ಸರಿಮಾಡಿ ನೋಡುವುದು) ಮಾಡಲು ಯಾವ ಪುಸ್ತಕ ಓದಲಿ ಎಂದು ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ಕನ್ನಡ ಮಾಧ್ಯಮದಲ್ಲಿ ಕಲಿಸುತ್ತೇನೆ. ಪುಸ್ತಕ ಆಮೇಲೆ ಆಗಲಿ. ಮೊದಲು ಹೆಡ್‌ಮಾಷ್ಟ್ರಿಗೆ ತಿಳಿಸಿ, ಪಾಠ ಮಾಡುವಾಗ ಫೋನಿನ ರೆಕಾರ್ಡರ್ ಆನ್ ಮಾಡಿ ಮೇಜಿನ ಮೇಲಿಡಿ.

ನನ್ನ ಮೂರನೇ ಕ್ಲಾಸಿನಲ್ಲಿ ಯಾವಾಗಲೂ ಅದೇ ಐದಾರು ಮಕ್ಕಳು ಉತ್ತರ ಹೇಳುತ್ತಿದ್ದರು. ಉಳಿದವರ ಮನೆಯಲ್ಲಿ ತುಳು, ಮಲಯಾಳ, ಮರಾಠಿ, ಹಾಗಾಗಿ ಕನ್ನಡ ಬಾರದೆ ಸುಮ್ಮನಿದ್ದಾರೆ ಎಂದುಕೊಂಡಿದ್ದೆ. ಒಂದು ಪಾಠ ರೆಕಾರ್ಡ್ ಮಾಡಿ ರಾತ್ರಿ ಕೇಳಿದೆ. ಪ್ರಶ್ನೆ ಕೇಳಿದ ಮೇಲೆ ನಾನು ಒಂದು ಸೆಕೆಂಡೂ ಕಾಯುತ್ತಿರಲಿಲ್ಲ! ಮಗು ತುಳುವಿನಲ್ಲಿ ಯೋಚಿಸಿ ಕನ್ನಡದ ಶಬ್ದ ಹುಡುಕುವಷ್ಟರಲ್ಲಿ ನಾನು ಇನ್ನೊಬ್ಬರನ್ನು ಕೇಳಿಯಾಗಿತ್ತು. ತುಂಬಾ ಬೇಜಾರಾಯಿತು.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಕ್ಲಾಸುಗಳ ಟೇಪ್ ಕೇಳಿ ಇದನ್ನೇ ಕಂಡಿದ್ದರು ಅಂತ ಆಮೇಲೆ ಓದಿದೆ. 3 ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿದ್ದವರೂ ಬಾಯಿ ಬಿಡುತ್ತಾರೆ. ನಾನೂ ಎರಡು ವಾರ ಮನಸ್ಸಿನಲ್ಲೇ ಮೂರು ಎಣಿಸಿದೆ. ಯಾರು ಮಾತಾಡಿದರೋ ಅವರ ಹೆಸರಿನ ಮುಂದೆ ಒಂದು ಗೆರೆ. ಹದಿಮೂರು ಮಕ್ಕಳು ಮಾತಾಡಿದರು. ನಾಲ್ವರು ಮಾತ್ರ ಆಗಲೂ ಮಾತಾಡಲಿಲ್ಲ, ಹಾಗಾಗಿ ಅವರಿಗೆ ಮೊದಲು ಪಕ್ಕದವರ ಹತ್ತಿರ ಮನೆಮಾತಿನಲ್ಲೇ ಹೇಳಲು ಬಿಟ್ಟು ಮತ್ತೆ ಗೆರೆ ಎಳೆಯಲು ಶುರು ಮಾಡಿದ್ದೇನೆ. ಕ್ರಿಯಾ ಸಂಶೋಧನೆ ಅಂದರೆ ಇದೇ ಅಲ್ವಾ?

ಈಗ ಓದುವುದಕ್ಕೆ. ಶಿಕ್ಷಕರ ತರಬೇತಿಗಾಗಿ ಮಾಡಿದ ಟೆಸ್-ಇಂಡಿಯಾ ಯೋಜನೆಯ ಪಾಠಗಳು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ, ಒಂದೊಂದರಲ್ಲೂ ಕ್ಲಾಸಿನಲ್ಲೇ ಮಾಡಿ ನೋಡುವ ಕೆಲಸ ಇರುತ್ತದೆ, ಹೊಸಬರಿಗೆ ಇದೇ ಒಳ್ಳೆಯದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಶಿಕ್ಷಣದ ಲೇಖನಗಳು ಕನ್ನಡಕ್ಕೆ ಬಂದಿವೆ. ಇಂಗ್ಲಿಷ್ ಓದುವಿರಾದರೆ ‘ಎರಿಕ್’ (ERIC) ಇದೆ, ಶಿಕ್ಷಣದ ಸಂಶೋಧನಾ ಲೇಖನಗಳನ್ನು ಹುಡುಕುವ ಆನ್‌ಲೈನ್ ಸಂಗ್ರಹ, ಅಮೆರಿಕ ಸರಕಾರದ್ದು, ಹುಡುಕಲು ದುಡ್ಡು ಕೊಡಬೇಕಾಗಿಲ್ಲ. ನನಗೆ ರೋ ಸಿಕ್ಕಿದ್ದು ಅಲ್ಲೇ. ಕ್ರಿಯಾ ಸಂಶೋಧನೆಯ ಬಗ್ಗೆ ಸ್ಟೀಫನ್ ಕೋರಿ 1953ರಲ್ಲಿ ಬರೆದ ಪುಸ್ತಕದ ಹೆಸರು ಎಲ್ಲ ಕಡೆ ಬರುತ್ತದೆ, ಅದನ್ನು ಮೊದಲೇ ಹಿಡಿದು ಕೂರಬೇಡಿ.

ಮಾಯಿಪ್ಪಾಡಿಯ ಡಯಟ್‌ಗೂ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಹೋಗಿ. ಆದರೆ ‘ಒಂದು ವಿಷಯ ಕೊಡಿ’ ಎಂದು ಕೇಳಬೇಡಿ, ಗೆರೆ ಎಳೆದ ಹಾಳೆ ಹಿಡಿದುಕೊಂಡೇ ಹೋಗಿ.