‘ಮನೆಯಿಂದ ಮಾಡೋ ಯಾವುದಾದ್ರೂ ಕೆಲಸ’: ಒಂದು ಆಪ್ತಸಲಹೆ ಪ್ರಕರಣ

ಸುಮಾ ಅಂತ ಕರೆಯೋಣ. ನಿಜವಾದ ಹೆಸರು ಅದಲ್ಲ. ಊರು, ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರೇ ಒಪ್ಪಿದ್ದಾರೆ.

ವಯಸ್ಸು 34. ಓದಿದ್ದು ಬಿ.ಕಾಂ. ತಾಲ್ಲೂಕು ಕೇಂದ್ರವೊಂದರಲ್ಲಿ ಗಂಡ, ಮಗಳು, ಅತ್ತೆ ಮಾವನ ಜೊತೆ ಇದ್ದಾರೆ. ಅವರು ನನ್ನ ಹತ್ತಿರ ಬಂದಿದ್ದು ಕೆಲಸದ ವಿಷಯಕ್ಕಲ್ಲ, ನಿದ್ದೆ ಬರ್ತಿಲ್ಲ ಅಂತ. ಮೂರು ವಾರದಿಂದ ರಾತ್ರಿ ಎರಡಕ್ಕೆ ಎಚ್ಚರ. ಗೇಟು ಸದ್ದಾದರೆ ಎದೆ ಡವಡವ. ಮಾತಾಡುತ್ತಿದ್ದಾಗ ಮೊಬೈಲು ನಾಲ್ಕು ಸಲ ಅದುರಿತು. ನಾಲ್ಕು ಸಲವೂ ನೋಡಿ, ಮೇಜಿನ ಮೇಲೆ ಬೋರಲು ಹಾಕಿದರು.

“ಯಾರದು?”

“ಲಾಯರ್‌ದು, ಮೇಡಂ. ನನ್ನ ಮೇಲೆ ಕೇಸ್ ಆಗಿದೆ.”

ಪರಿಚಯದವರೊಬ್ಬರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಪೋಸ್ಟರ್ ನೋಡಿದ್ದರಂತೆ. ಮನೆಯಲ್ಲೇ ಕೂತು ಡೇಟಾ ಎಂಟ್ರಿ, ದಿನಕ್ಕೆ ಎರಡು ಮೂರು ಗಂಟೆ, ಗೃಹಿಣಿಯರಿಗೆ ಆದ್ಯತೆ, ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಆ ಕೊನೆಯ ಮಾತೇ ಗಾಳ. ‘ಕೆಲಸ ಕೊಡೋಕೆ ಮುಂಚೆ ದುಡ್ಡು ಕೇಳಿದರೆ ಮೋಸ’ ಅನ್ನೋದು ಸುಮಾಗೆ ಗೊತ್ತಿತ್ತು. ಇವರು ಕೇಳಲಿಲ್ಲ. ಹಾಗಾಗಿ ನಂಬಿದರು. ಆಧಾರ್ ಫೋಟೋ ಕಳಿಸಿದರು, ಒಂದು ಕರಾರಿಗೆ ಮೊಬೈಲಿನಲ್ಲೇ ಬೆರಳಿನಿಂದ ಸಹಿ ಹಾಕಿದರು.

ಕೆಲಸ ಏನಪ್ಪಾ ಅಂದ್ರೆ, ಮಸುಕು ಮಸುಕಾದ 700 ಫಾರಂಗಳನ್ನು ನೋಡಿಕೊಂಡು ಅವರ ವೆಬ್‌ಸೈಟಿನಲ್ಲಿ ಟೈಪ್ ಮಾಡೋದು. ಫಾರಂಗೆ 30 ರೂಪಾಯಿ, ಒಟ್ಟು 21,000. ಆರು ದಿನ ಗಡುವು. ನೂರಕ್ಕೆ 90 ಸರಿ ಇರಬೇಕು. ಮಗಳು ಮಲಗಿದ ಮೇಲೆ ರಾತ್ರಿ ಒಂದೂವರೆ ತನಕ ಕೂತು 640 ಮುಗಿಸಿದರು. ಆರನೇ ರಾತ್ರಿ ವೆಬ್‌ಸೈಟ್ ತೆರೆಯಲೇ ಇಲ್ಲ. ಬೆಳಿಗ್ಗೆ ರಿಪೋರ್ಟ್ ಬಂತು: 61 ಪರ್ಸೆಂಟ್, ಫೇಲ್. ಕರಾರಿನ ಪ್ರಕಾರ ಸಾಫ್ಟ್‌ವೇರ್ ಬಳಸಿದ್ದಕ್ಕೆ 5,900 ಕಟ್ಟಿ. ಕಟ್ಟಿದರು. ಕರಾರು ಮುಗಿಸಿದ್ದಕ್ಕೆ ಪತ್ರ ಬೇಕಲ್ವಾ, ಅದಕ್ಕೆ 11,800. ಚೀಟಿ ದುಡ್ಡಿನಲ್ಲಿ ಅದನ್ನೂ ಕಟ್ಟಿದರು. ಆಮೇಲೆ ‘ಲಾಯರ್’ ಬಂದ. ಅವನು ಕೇಳಿದ್ದು 35,400. ಕೊಡದಿದ್ದರೆ ಪೊಲೀಸರು ಮನೆಗೆ ಬರ್ತಾರೆ, ಮಾವನ ಎದುರೇ ಕರೆದುಕೊಂಡು ಹೋಗ್ತಾರೆ ಅಂದನಂತೆ. ಮನೆಯಲ್ಲಿ ಮಾವ ಇದ್ದಾರೆ ಅನ್ನೋದು ಅವನಿಗೆ ಹೇಗೆ ಗೊತ್ತಾಯಿತು? ಸುಮಾನೇ ಅರ್ಜಿಯಲ್ಲಿ ಬರೆದಿದ್ದರು.

ಕರಾರನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಇಬ್ಬರೂ ನೋಡಿದೆವು. ಮೊದಲ ಪುಟ ಇ-ಸ್ಟಾಂಪ್ ಪೇಪರ್. ಪಾರ್ಟಿಗಳ ಹೆಸರನ್ನು ಮಸುಕು ಮಾಡಿದ್ದರು, ಆದರೆ ದಸ್ತಾವೇಜಿನ ವಿವರ ಅನ್ನೋ ಸಾಲು ಹಾಗೇ ಉಳಿದಿತ್ತು. ಅಲ್ಲಿ ಇದ್ದದ್ದು ‘ಬಾಡಿಗೆ ಕರಾರು’. ಯಾರೋ ಮನೆ ಬಾಡಿಗೆಗೆ ತಗೊಂಡ ಛಾಪಾ ಕಾಗದ ಅದು.

ಸುಮಾ ನಗಲಿಲ್ಲ. ಮೊಬೈಲು ತೆಗೆದು 5,900 ರೂಪಾಯಿಯ ಬಿಲ್ಲು ನೋಡತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಏನೋ ಎಣಿಸುತ್ತಿದ್ದರು.

“ಮೇಡಂ, ಜಿಎಸ್‌ಟಿ ನಂಬರ್ 15 ಅಕ್ಷರ ಇರಬೇಕು. ಇದು 14 ಇದೆ. ಮೊದಲ ಎರಡು ರಾಜ್ಯದ ಕೋಡ್, ನಮ್ಮದು 29. ಆಮೇಲೆ ಪ್ಯಾನ್ ನಂಬರಿನ ಹತ್ತು. ಇಲ್ಲಿ ಪ್ಯಾನೇ ಸರಿ ಇಲ್ಲ.”

ನನಗೆ ಗೊತ್ತಿರಲಿಲ್ಲ, ನಿಜ ಹೇಳ್ತೀನಿ. ಇದೆಲ್ಲ ಹೇಗೆ ಗೊತ್ತು ಅಂತ ಕೇಳಿದೆ. 2019ರ ತನಕ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದರಂತೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅಂಗಡಿಯ ಹಳೇ ಲೆಕ್ಕವನ್ನೆಲ್ಲ ಹೊಸ ಪದ್ಧತಿಗೆ ಕೂರಿಸಿದ್ದು ಇವರೇ. ಬಸುರಿಯಾದಾಗ ಬಿಟ್ಟರು. ಅರ್ಧ ಗಂಟೆಯಿಂದ ಮಾತಾಡಿದರೂ ಈ ವಿಷಯ ಬಂದಿರಲಿಲ್ಲ. ‘ಏನು ಮಾಡ್ತಿದ್ದೀರಿ’ ಅಂದಾಗ ‘ಸುಮ್ನೆ ಮನೇಲಿದೀನಿ’ ಅಂದಿದ್ದರು.

ಆ ದಿನ ಕೊಟ್ಟ ಸಲಹೆ ತುರ್ತಿನದು ಮಾತ್ರ. ಇನ್ನೊಂದು ಪೈಸೆ ಕಟ್ಟಬೇಡಿ. ಆ ನಂಬರುಗಳನ್ನು ಬ್ಲಾಕ್ ಮಾಡಿ, ಆದರೆ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಮೋಸದಿಂದ ಒಪ್ಪಿಗೆ ಪಡೆದ ಕರಾರನ್ನು ಮೋಸ ಹೋದವರು ರದ್ದು ಮಾಡಬಹುದು ಅಂತ 1872ರ ಒಪ್ಪಂದ ಕಾಯ್ದೆಯೇ ಹೇಳುತ್ತದೆ. ನಿಜವಾದ ಕರಾರೇ ಆಗಿದ್ದರೂ, ಕೆಲಸ ಮುಗಿಸಲಿಲ್ಲ ಅನ್ನೋದು ಸಿವಿಲ್ ವಿಷಯ, ಅದಕ್ಕೆ ಪೊಲೀಸರು ಬಂದು ಹಿಡಿದುಕೊಂಡು ಹೋಗೋದಿಲ್ಲ. ಕೇಸು ವಾಪಸ್ ತಗೋತೀವಿ, ಈ ಯುಪಿಐಗೆ ಹಾಕಿ ಅನ್ನೋ ಕೋರ್ಟಂತೂ ಇಲ್ಲವೇ ಇಲ್ಲ. ನನ್ನ ಕೊಠಡಿಯಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಆಮೇಲೆ ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಿ ದೂರು ಕೊಟ್ಟರು. ದುಡ್ಡು ಹೋದ ಒಂದೆರಡು ಗಂಟೆಯೊಳಗೆ ಆ ನಂಬರಿಗೆ ತಿಳಿಸಿದರೆ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಇವರು ಮೂರು ವಾರ ಕಳೆದಿದ್ದರು. 17,700 ಇವತ್ತಿನ ತನಕ ಬಂದಿಲ್ಲ.

ಗಂಡನಿಗೆ ಹೇಳೋದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತು. ಹೇಗೆ ಶುರು ಮಾಡೋದು ಅಂತ ನನ್ನೆದುರು ಮೂರು ಸಲ ಹೇಳಿ ನೋಡಿದರು. ಮೂರು ಸಲವೂ ‘ತಪ್ಪಾಯ್ತು’ ಅಂತಲೇ ಶುರು. ಅದನ್ನು ಬಿಟ್ಟು, ನಡೆದದ್ದರಿಂದ ಶುರು ಮಾಡಿ ಅಂದೆ. ಗಂಡ ಕೇಳಿದ್ದು ಒಂದೇ, “ಎಷ್ಟು?” ಆಮೇಲೆ ಎರಡು ದಿನ ಮಾತಿಲ್ಲ. ಮೂರನೇ ದಿನ ಠಾಣೆಗೆ ಜೊತೆಗೆ ಹೋದರು. ನಿದ್ದೆ ಆ ವಾರವೇ ಸುಮಾರಾಗಿ ಸರಿಹೋಯಿತು.

ಎರಡನೇ ಭೇಟಿಯಲ್ಲಿ ಕೆಲಸದ ಮಾತು. ಯಾವ ಕೆಲಸ ಬೇಕು ಅಂತ ಕೇಳಿದೆ.

“ಮನೆಯಿಂದ ಮಾಡೋ ಯಾವುದಾದ್ರೂ.”

ಇಲ್ಲೇ ತೊಡಕು ಇರೋದು. ಹತ್ತಾರು ಜನರಿಂದ ಇದೇ ಉತ್ತರ ಕೇಳಿದ್ದೇನೆ. ‘ಮನೆಯಿಂದ’ ಅನ್ನೋದು ಕೂರುವ ಜಾಗದ ಹೆಸರು, ಕೆಲಸದ ಹೆಸರಲ್ಲ. ಜಾಗದ ಹೆಸರು ಹಾಕಿ ಹುಡುಕಿದರೆ, ಯಾರಿಗೆ ಬೇಕಾದರೂ ಹೊಂದುವ ಕೆಲಸಗಳೇ ಸಿಗುತ್ತವೆ. ಯಾರಿಗೆ ಬೇಕಾದರೂ ಹೊಂದುವ ಕೆಲಸಕ್ಕೆ ಆರು ದಿನಕ್ಕೆ 21,000 ಯಾರು ಕೊಡ್ತಾರೆ?

ನಾನೂ ಒಂದು ತಪ್ಪು ಮಾಡಿದೆ. ಹತ್ತು ಹನ್ನೆರಡು ಪೋರ್ಟಲ್‌ಗಳ ಪಟ್ಟಿ ಕಳಿಸಿಬಿಟ್ಟೆ. ಮುಂದಿನ ವಾರ ಸುಮಾ ಮೊದಲಿಗಿಂತ ಜಾಸ್ತಿ ಗೊಂದಲದಲ್ಲಿ ಬಂದರು. ಎಲ್ಲ ಅಳಿಸಿ, ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಒಂದನ್ನು ಉಳಿಸಿಕೊಂಡೆವು. ನೋಂದಣಿ ಉಚಿತ ಅನ್ನೋದು ಒಂದು ಕಾರಣ. ಅದರಲ್ಲೂ ‘ವರ್ಕ್ ಫ್ರಮ್ ಹೋಮ್’ ಅಂತ ಹುಡುಕೋದು ಬೇಡ, ‘ಟ್ಯಾಲಿ’, ‘ಅಕೌಂಟ್ಸ್ ಅಸಿಸ್ಟೆಂಟ್’ ಅಂತ ಹುಡುಕಿ ಅಂದೆ. ಟ್ಯಾಲಿ ಅಂದರೆ ವ್ಯಾಪಾರದ ಲೆಕ್ಕ ಬರೆಯುವ ಸಾಫ್ಟ್‌ವೇರ್.

ಒಂದು ವಾರ ಜಾಹೀರಾತು ಓದಿದ ಮೇಲೆ ಅವರಿಗೇ ವ್ಯತ್ಯಾಸ ಕಂಡಿತು. ನಿಜವಾದ ಕೆಲಸದ ಜಾಹೀರಾತು ಓದೋಕೆ ಬೋರು. ಅನುಭವ ಎಷ್ಟು ಅಂತ ಕೇಳುತ್ತದೆ, ಶಿಫ್ಟ್ ಹೇಳುತ್ತದೆ, ಇಂಟರ್‌ವ್ಯೂ ಇರುತ್ತದೆ. ಚಾಟ್‌ನಲ್ಲಿ ಗ್ರಾಹಕರಿಗೆ ಉತ್ತರ ಕೊಡುವ ಕೆಲಸ ಮನೆಯಿಂದ ಸಿಗುತ್ತದೆ, ಆದರೆ ಒಂಬತ್ತು ಗಂಟೆ ಕದಲುವ ಹಾಗಿಲ್ಲ. ‘ಮಗು ನೋಡಿಕೊಂಡು ಬಿಡುವಿನಲ್ಲಿ’ ಅನ್ನೋದು ಅಲ್ಲಿ ನಡೆಯಲ್ಲ. ಆನ್‌ಲೈನ್ ಟ್ಯೂಷನ್, ಕನ್ನಡಕ್ಕೆ ಅನುವಾದ, ಆಡಿಯೊ ಕೇಳಿ ಬರೆಯೋದು, ಇವೂ ಇವೆ. ಕೈಗೆ ಬರುವ ದುಡ್ಡು ಮೊದಮೊದಲು ಕಡಿಮೆ. ಕಂಪನಿಯ ಹೆಸರು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಇದೆಯಾ ಅಂತ ನೋಡಿ ಅಂದೆ. ಅಷ್ಟೇ ಸಾಲದು, ಕಳ್ಳರು ನಿಜವಾದ ಕಂಪನಿಯ ಹೆಸರನ್ನೇ ಹಾಕಿಕೊಳ್ತಾರೆ. ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ, ಈ ಕೆಲಸ ನಿಮ್ಮದೇನಾ ಅಂತ ಕೇಳಬೇಕು.

ಕೊನೆಗೆ ಕೆಲಸ ಸಿಕ್ಕಿದ್ದು ಯಾವ ಪೋರ್ಟಲ್‌ನಿಂದಲೂ ಅಲ್ಲ. ಹಳೇ ಹಾರ್ಡ್‌ವೇರ್ ಅಂಗಡಿಯ ಯಜಮಾನರಿಗೆ ಫೋನ್ ಮಾಡಿ ಅಂತ ನಾನು ಒತ್ತಾಯ ಮಾಡಿದೆ. ಐದಾರು ವರ್ಷ ಆಯ್ತು, ಏನಂತ ಮಾಡಲಿ ಅಂತ ಎರಡು ವಾರ ಮುಂದೂಡಿದರು. ಮಾಡಿದಾಗ ಅವರು ತಮ್ಮ ಆಡಿಟರ್ ನಂಬರ್ ಕೊಟ್ಟರು. ಆಡಿಟರ್ ಕೇಳಿದ ಮೊದಲ ಪ್ರಶ್ನೆ, “ಟ್ಯಾಲಿ ಪ್ರೈಮ್ ಗೊತ್ತೇನಮ್ಮಾ?” ಗೊತ್ತಿರಲಿಲ್ಲ. ಸುಮಾ ಬಿಟ್ಟ ಕಾಲಕ್ಕೆ ಇದ್ದದ್ದು ಟ್ಯಾಲಿಯ ಹಳೇ ಆವೃತ್ತಿ, ಇಆರ್‌ಪಿ 9. ಖರೀದಿಗೆ ಕಟ್ಟಿದ ತೆರಿಗೆಯಲ್ಲಿ ಎಷ್ಟನ್ನು ಕಳೆದುಕೊಳ್ಳಬಹುದು ಅಂತ ತೋರಿಸುವ ಜಿಎಸ್‌ಟಿಆರ್-2ಬಿ ಅನ್ನೋ ಪಟ್ಟಿ 2020ರಲ್ಲಿ ಬಂದದ್ದು, ಸಣ್ಣ ವ್ಯಾಪಾರಿಗಳು ತೆರಿಗೆ ಲೆಕ್ಕದ ರಿಟರ್ನ್ ‘3ಬಿ’ಯನ್ನೂ ಮೂರು ತಿಂಗಳಿಗೊಮ್ಮೆ ಹಾಕುವ ಅವಕಾಶ 2021ರಲ್ಲಿ. ಒಂದೂವರೆ ತಿಂಗಳು ಕೂತು ಕಲಿತರು.

ಪೂರ್ತಿ ಮನೆಯಿಂದ ಅಂತ ಆಡಿಟರ್ ಒಪ್ಪಲಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ದಿನ ಆಫೀಸಿಗೆ ಬನ್ನಿ, ನಿಮ್ಮ ಎಂಟ್ರಿ ನಾನು ನೋಡಬೇಕು ಅಂದರು. ಸುಮಾಗೆ ಬೇಜಾರಾಯಿತು. ನನಗೆ ಖುಷಿಯಾಯಿತು. ಮುಖ ನೋಡಬೇಕು, ಕೆಲಸ ನೋಡಬೇಕು ಅನ್ನೋರು ಸಂಬಳ ಕೊಡೋರೂ ಆಗಿರ್ತಾರೆ. ಎಂಟು ಅಂಗಡಿಗಳ ಲೆಕ್ಕ, ತಿಂಗಳಿಗೆ 6,000. ಬಿಲ್ಲುಗಳು ವಾಟ್ಸಾಪಿನಲ್ಲಿ ಬರುತ್ತವೆ. 11ರೊಳಗೆ ಮಾರಾಟದ ರಿಟರ್ನ್, 20ರೊಳಗೆ 3ಬಿ. ಪೋಸ್ಟರಿನವರು ಆರು ದಿನಕ್ಕೆ 21,000 ಅಂದಿದ್ದರು, ಅದರ ಮುಂದೆ ಇದು ಏನೂ ಅಲ್ಲ. ಸುಮಾನೇ ಹಾಗಂದರು, ನಗುತ್ತಾ.

ನಾಲ್ಕು ತಿಂಗಳಾದ ಮೇಲೆ ಹೇಗಿದ್ದೀರಿ ಅಂತ ಕೇಳೋಕೆ ಫೋನ್ ಮಾಡಿದೆ. ಹಿಂದೆ ಮಗಳು ಏನೋ ಕೇಳುತ್ತಾ ಅಳುತ್ತಿದ್ದಳು, ಕೀಬೋರ್ಡಿನ ಟಕಟಕ ನಿಂತಿರಲಿಲ್ಲ.

“ಮೇಡಂ, ನಾಳೆ ಮಾಡ್ತೀರಾ? ಇವತ್ತು 20ನೇ ತಾರೀಖು.”