ಬೇಡದ ಸಾಮಾನು ತೆಗೆದರೆ ಮನಸ್ಸು ನಿಜಕ್ಕೂ ಹಗುರಾಗುತ್ತಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಎರಡು ಕೋಣೆಯ ಮನೆ. ಅತ್ತೆ, ಗಂಡ, ಇಬ್ಬರು ಮಕ್ಕಳು. ಎಲ್ಲಿ ಕೈ ಇಟ್ಟರೂ ಸಾಮಾನು. ಅತ್ತೆ ಏನನ್ನೂ ಆಚೆ ಹಾಕಲು ಬಿಡುವುದಿಲ್ಲ. ಕೆಲಸ ಮುಗಿಸಿ ಬಂದು ಬಾಗಿಲು ತೆಗೆದ ಕೂಡಲೇ ಸುಸ್ತಾಗುತ್ತದೆ ಎಂದು ಬರೆದಿದ್ದೀರಿ. "ಮನೆ ಒಪ್ಪ ಮಾಡಿದರೆ ನಿಜಕ್ಕೂ ನೆಮ್ಮದಿ ಸಿಗುತ್ತಾ, ಇಲ್ಲಾ ಅದು ಬರೀ ವಿಡಿಯೋಗಳಲ್ಲಿ ಹೇಳುವ ಮಾತಾ? ನಾನು ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದ್ದೀರಿ.

ಸಿಗುತ್ತದೆ. ನನಗೆ ಸಿಕ್ಕಿದೆ. ಆದರೆ ಆ ವಿಡಿಯೋಗಳಲ್ಲಿ ತೋರಿಸುವಂಥ ಖಾಲಿ ಬಿಳಿ ಕೋಣೆಯಿಂದ ಸಿಕ್ಕಿದ್ದಲ್ಲ. ನಮ್ಮದು ಈಗಲೂ ತುಂಬಿದ ಮನೆಯೇ.

ನಾನು ಮೈಸೂರಿನವಳು. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅವರಿದ್ದ ಬಾಡಿಗೆ ಮನೆ ಬಿಟ್ಟು ಅಮ್ಮನನ್ನು ನಮ್ಮ ಜೊತೆ ಕರೆದುಕೊಂಡು ಬಂದೆವು. ಅಪ್ಪನ ಕೋಣೆಯಲ್ಲಿ ಇದ್ದದ್ದನ್ನೆಲ್ಲ ಆತುರದಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿದೆವು. ಒಟ್ಟು 14 ಪೆಟ್ಟಿಗೆ. ಹಾಲ್‌ನ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿ, ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದೆವು. "ವರ್ಷದ ತಿಥಿ ಕಳೆಯಲಿ, ನೋಡೋಣ" ಅಂದೆವು. ಆಮೇಲೆ "ಮಗನ ಪರೀಕ್ಷೆ ಮುಗಿಯಲಿ" ಅಂದೆವು. ಹಾಗೇ ಎರಡು ವರ್ಷ ಹೋಯಿತು.

ಆ ಪೆಟ್ಟಿಗೆಗಳು ಯಾರ ಕಾಲಿಗೂ ಅಡ್ಡ ಬರುತ್ತಿರಲಿಲ್ಲ. ಆದರೆ ಕಸ ಗುಡಿಸುವಾಗ, ಟಿವಿ ನೋಡುವಾಗ, ಯಾರಾದರೂ ಬಂದು ಕೂತಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹೋದಾಗಲೆಲ್ಲ ಒಳಗೆ ಅದೇ ಮಾತು. "ಆ ಕೆಲಸ ಹಾಗೇ ಇದೆ." ದಿನಕ್ಕೆ ಎಷ್ಟು ಸಲ ಈ ಮಾತು ಬರುತ್ತಿತ್ತೋ ಲೆಕ್ಕ ಇಟ್ಟವರಾರು. ನನಗೆ ಸಿಡುಕು ಜಾಸ್ತಿಯಾಗಿತ್ತು. ಮಗನ ಮೇಲೆ ಸುಮ್ಸುಮ್ನೆ ರೇಗುತ್ತಿದ್ದೆ. ಪೆಟ್ಟಿಗೆಗಳಿಗೂ ಅದಕ್ಕೂ ನಂಟಿದೆ ಎಂದು ಆಗ ಹೊಳೆಯಲಿಲ್ಲ.

ಒಂದು ದಸರಾ ರಜೆಯಲ್ಲಿ, ಆಯುಧಪೂಜೆಗೆ ಮನೆ ತೊಳೆಯಲು ಹೊರಟಾಗ, ಅಮ್ಮನೇ "ಇವತ್ತು ಒಂದು ಬಿಚ್ಚೋಣ ಬಾ" ಅಂದರು. ಒಂದು ದಿನಕ್ಕೆ ಒಂದೇ ಪೆಟ್ಟಿಗೆ. ಅದಕ್ಕಿಂತ ಜಾಸ್ತಿ ನಮ್ಮ ಕೈಲಿ ಆಗುತ್ತಿರಲಿಲ್ಲ. ಕರೆಂಟ್ ಬಿಲ್ಲುಗಳು ತಂತಿಗೆ ಚುಚ್ಚಿದ ಹಾಗೇ ಇದ್ದವು. ಆರು ಕನ್ನಡಕ. ಕಡ್ಡಿ ಮುರಿದ ಮೂರು ಕೊಡೆ. ಯಾವ ಫೋನಿನದೋ ಗೊತ್ತಿಲ್ಲದ ಚಾರ್ಜರುಗಳು. ಒಂದು ಬಿಸ್ಕತ್ತಿನ ಡಬ್ಬದ ತುಂಬ ದಿನಾಂಕ ಮುಗಿದ ಬಿಪಿ ಮಾತ್ರೆಗಳು. ಅಪ್ಪ ತಮ್ಮ ದುಂಡು ಅಕ್ಷರದಲ್ಲಿ ಬರೆದಿಟ್ಟ ಹಾಲಿನ ಲೆಕ್ಕದ ಪುಸ್ತಕ. ಅಮ್ಮ ಒಂದೊಂದನ್ನೂ ಕೈಯಲ್ಲಿ ಹಿಡಿದು, ಅದರ ಬಗ್ಗೆ ಏನಾದರೂ ಹೇಳಿ, ಆಮೇಲೆ ಇಡುವ ಕಡೆ ಇಟ್ಟರು. ಕೆಲವು ದಿನ ಇಬ್ಬರೂ ಅತ್ತೆವು.

ಮೂರು ವಾರದಲ್ಲಿ ಕೆಲಸ ಮುಗಿಯಿತು. ಎರಡು ಪೆಟ್ಟಿಗೆಯಷ್ಟು ಉಳಿಸಿಕೊಂಡೆವು. ಅವು ಇವತ್ತಿಗೂ ಅದೇ ಮೂಲೆಯಲ್ಲಿವೆ. ಈಗ ಕಣ್ಣು ಅಲ್ಲಿಗೆ ಹೋದರೆ ಏನೂ ಅನ್ನಿಸುವುದಿಲ್ಲ. ಒಳಗೆ ಏನಿದೆ, ಯಾಕೆ ಇಟ್ಟಿದ್ದೇವೆ, ಎಲ್ಲ ಗೊತ್ತು. ಅವತ್ತು ನನಗೆ ಅರ್ಥ ಆಯಿತು. ಅಷ್ಟು ದಿನ ನನ್ನನ್ನು ದಣಿಸಿದ್ದು ನಾನು ಮುಂದಕ್ಕೆ ಹಾಕುತ್ತಾ ಬಂದ ತೀರ್ಮಾನ. ಮನೆಯಲ್ಲಿ ಸುಮ್ನೆ ಬಿದ್ದಿರುವ ಒಂದೊಂದು ವಸ್ತುವೂ "ನನ್ನನ್ನು ಏನು ಮಾಡ್ತೀಯಾ?" ಅಂತ ಕೇಳುತ್ತಲೇ ಇರುತ್ತದೆ. ಉತ್ತರ ಕೊಟ್ಟುಬಿಟ್ಟರೆ ಅದು ಮನೆಯಲ್ಲೇ ಇದ್ದರೂ ತೊಂದರೆ ಇಲ್ಲ.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ 30 ಮನೆಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದ್ದಾರೆ. ಡಾರ್ಬಿ ಸ್ಯಾಕ್ಸ್‌ಬಿ, ರೆನಾ ರೆಪೆಟಿ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು ಅದನ್ನು 2010ರಲ್ಲಿ ಪ್ರಕಟಿಸಿದರು. ಗಂಡ ಬೇರೆ, ಹೆಂಡತಿ ಬೇರೆ, ತಮ್ಮ ಮನೆಯನ್ನು ಸುತ್ತಿ ತೋರಿಸುತ್ತಾ ಮಾತಾಡಬೇಕು. ಅದನ್ನು ವಿಡಿಯೋ ಮಾಡಿ, ಅವರ ಬಾಯಲ್ಲಿ ಎಂಥ ಮಾತುಗಳು ಬಂದವು ಎಂದು ನೋಡಿದರು. ಜೊತೆಗೆ ಅವರ ಜೊಲ್ಲನ್ನು ದಿನದಲ್ಲಿ ಹಲವು ಸಲ ತೆಗೆದು ಕಾರ್ಟಿಸೋಲ್ ಅಳೆದರು. ಕಾರ್ಟಿಸೋಲ್ ಒತ್ತಡಕ್ಕೆ ಸಂಬಂಧಪಟ್ಟ ಹಾರ್ಮೋನು. ಬೆಳಗ್ಗೆ ಜಾಸ್ತಿ ಇದ್ದು ರಾತ್ರಿ ಹೊತ್ತಿಗೆ ಇಳಿಯಬೇಕು. ಚೆಲ್ಲಾಪಿಲ್ಲಿಯಾದ ಸಾಮಾನು, ಅರ್ಧಕ್ಕೆ ನಿಂತ ಕೆಲಸ, ಇಂಥ ಮಾತುಗಳನ್ನೇ ಜಾಸ್ತಿ ಆಡಿದ ಹೆಂಗಸರಲ್ಲಿ ಆ ಇಳಿತ ಕಡಿಮೆ ಇತ್ತು. ಹೊತ್ತು ಕಳೆದಂತೆ ಅವರ ಮನಸ್ಸು ಇನ್ನೂ ಕುಗ್ಗುತ್ತಿತ್ತು. "ಅರ್ಧಕ್ಕೆ ನಿಂತ ಕೆಲಸ" ಎಂಬಲ್ಲಿಗೆ ಬಂದಾಗ ನನಗೆ ನಮ್ಮ ಹಾಲ್‌ನ ಮೂಲೆ ಕಣ್ಣಿಗೆ ಕಟ್ಟಿತು.

ಸಣ್ಣ ಅಧ್ಯಯನ ಅದು. ಗಲೀಜಿನಿಂದ ದಣಿವೋ, ದಣಿವಿನಿಂದ ಗಲೀಜೋ ಎಂದು ಅದರಿಂದ ಹೇಳಲು ಬರುವುದಿಲ್ಲ. ಆದರೆ ಅದರಲ್ಲಿ ಇನ್ನೊಂದು ವಿಷಯ ಇದೆ, ನನಗೆ ಬಹಳ ಮುಖ್ಯ ಅನ್ನಿಸಿದ್ದು. ಹೆಂಗಸರಲ್ಲಿ ಕಂಡದ್ದು ಅವರ ಗಂಡಂದಿರಲ್ಲಿ ಕಾಣಲಿಲ್ಲ. ಮನೆ ಒಂದೇ, ಸಾಮಾನು ಒಂದೇ!

ಇದಕ್ಕೆ ಅಷ್ಟು ದೂರ ಹೋಗಬೇಕಿಲ್ಲ ಅಲ್ವಾ? ನೆಂಟರು ಬಂದಾಗ ಸೋಫಾ ಮೇಲೆ ಬಟ್ಟೆ ರಾಶಿ ಕಂಡರೆ ಅದು ಮನೆಯ ಹೆಂಗಸಿನ ತಪ್ಪು. ಬಟ್ಟೆ ಯಾರದೇ ಆಗಿರಲಿ. ನಿಮ್ಮ ಪ್ರಶ್ನೆಯಲ್ಲೂ "ನಾನು ಎಲ್ಲಿಂದ ಶುರು ಮಾಡಲಿ" ಅಂತಿದೆ. "ನಾವು" ಅಂತ ಎಲ್ಲೂ ಇಲ್ಲ. ಐದು ಜನರ ಸಾಮಾನಿಗೆ ಒಬ್ಬರೇ ಉತ್ತರ ಹುಡುಕಲು ಹೊರಟರೆ ಯಾರಿಗಾದರೂ ಸುಸ್ತಾಗುತ್ತದೆ. ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಅವರವರದೇ ಒಂದೊಂದು ಕಪಾಟು ಇದೆ. ಅದರೊಳಗೆ ಏನಿದ್ದರೂ ನಾನು ಕೈ ಹಾಕುವುದಿಲ್ಲ, ತಲೆಯನ್ನೂ ಕೆಡಿಸಿಕೊಳ್ಳುವುದಿಲ್ಲ. ಆಚೆ ಬಿದ್ದದ್ದನ್ನು ರಾತ್ರಿ ಊಟಕ್ಕೆ ಮೊದಲು ಅವರವರೇ ಎತ್ತಿಡಬೇಕು. ನಮ್ಮ ಮನೆಯವರು ಮೊದಮೊದಲು ಮರೆಯುತ್ತಿದ್ದರು. ಮಗ ನೆನಪಿಸಿ ನೆನಪಿಸಿ ಈಗ ರೂಢಿಯಾಗಿದೆ.

ಇನ್ನು ನಿಮ್ಮ ಅತ್ತೆಯವರ ವಿಷಯ. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಅಪ್ಪನ ಪೆಟ್ಟಿಗೆಗಳು ಮುಗಿದ ಹುಮ್ಮಸ್ಸಿನಲ್ಲಿ ನಾನು ಅಡುಗೆಮನೆಯ ಅಟ್ಟಕ್ಕೆ ಕೈ ಹಾಕಿದೆ. ಅಮ್ಮ ಒಂದು ವಾರ ಅಕ್ಕನ ಮನೆಗೆ ಹೋಗಿದ್ದರು. ಅಟ್ಟದ ಮೇಲೆ ಹಾರ್ಲಿಕ್ಸ್‌ನ ಖಾಲಿ ಗಾಜಿನ ಬಾಟಲಿಗಳು, ಮೂವತ್ತರ ಮೇಲಿದ್ದವು. ಎಲ್ಲವನ್ನೂ ಗುಜರಿಯವರಿಗೆ ಕೊಟ್ಟುಬಿಟ್ಟೆ. ಅಮ್ಮ ಬಂದರು, ಅಟ್ಟ ನೋಡಿದರು, ಏನೂ ಅನ್ನಲಿಲ್ಲ. ರಾತ್ರಿ ಊಟ ಬೇಡ ಅಂದರು. ನಾನು ಬಿಡದೆ ಕೇಳಿದ ಮೇಲೆ ಹೇಳಿದರು, "ಸಾರಿನ ಪುಡಿ, ಮೆಂತ್ಯದ ಹಿಟ್ಟು ಇನ್ನು ಯಾವುದರಲ್ಲಿ ಹಾಕಿ ಕಳಿಸಲಿ?"

ಪ್ರತಿ ಬೇಸಿಗೆಯಲ್ಲಿ ಅಮ್ಮ ಪುಡಿ ಮಾಡಿ ಅಕ್ಕ, ಚಿಕ್ಕಮ್ಮ, ಅತ್ತೆಯ ಮಕ್ಕಳು, ಹಳೇ ಪಕ್ಕದ ಮನೆಯವರು, ಎಲ್ಲರಿಗೂ ಒಂದೊಂದು ಬಾಟಲಿ ಕೊಡುತ್ತಾರೆ. ಬಾಟಲಿ ಯಾವತ್ತೂ ವಾಪಸ್ ಬರುವುದಿಲ್ಲ. ಅದಕ್ಕೇ ಕೂಡಿಡುತ್ತಿದ್ದರು. ನನ್ನ ಕಣ್ಣಿಗೆ ಅದು ಕಸ. ಅಮ್ಮನಿಗೆ ಅದು ಇನ್ನೂ ತಾನು ನಾಲ್ಕು ಜನರಿಗೆ ಕೊಡುವ ಸ್ಥಿತಿಯಲ್ಲಿದ್ದೇನೆ ಎಂಬ ಧೈರ್ಯ. ಇದ್ದ ಮನೆ ಬಿಟ್ಟು, ಗಂಡನನ್ನು ಕಳೆದುಕೊಂಡು, ಮಗಳ ಮನೆಗೆ ಬಂದವರ ಕೈಯಿಂದ ನಾನು ಅದನ್ನೂ ಕಿತ್ತುಕೊಂಡಿದ್ದೆ. ಇವತ್ತಿಗೂ ಅದನ್ನು ನೆನೆದರೆ ಸಂಕಟ ಆಗುತ್ತದೆ.

ಮರುದಿನ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಪುಡಿ ಹೋಗುವ ಮನೆಗಳು ಎಂಟು. ಒಂದೆರಡು ಜಾಸ್ತಿ ಇರಲಿ ಅಂತ ಹತ್ತು ಬಾಟಲಿ. ಈಗ ಹತ್ತಾದ ಮೇಲೆ ಬಂದದ್ದನ್ನು ಅಮ್ಮ ತಾವೇ ಆಚೆ ಇಡುತ್ತಾರೆ. ಹಾಗಾಗಿ ಅತ್ತೆಯವರನ್ನು "ಇದು ಯಾಕೆ ಬೇಕು?" ಅಂತ ಕೇಳಬೇಡಿ. "ಇದು ಯಾವುದಕ್ಕೆ ಉಪಯೋಗ ಆಗುತ್ತೆ ಅತ್ತೆ, ಎಷ್ಟಿದ್ದರೆ ಸಾಕಾಗುತ್ತೆ?" ಅಂತ ಕೇಳಿ. ಉತ್ತರವನ್ನು ಅವರ ಬಾಯಿಂದಲೇ ಬರಲು ಬಿಡಿ, ತಡವಾದರೂ ಪರವಾಗಿಲ್ಲ.

ಕೈಗೆ ಬಂದದ್ದನ್ನು ಬಿಡುವುದು ಹಿರಿಯರಿಗೆ ಮಾತ್ರ ಕಷ್ಟ ಅಂದುಕೊಳ್ಳಬೇಡಿ. ಡೇನಿಯಲ್ ಕಾನ್ಮನ್ ಎಂಬ ಮನಃಶಾಸ್ತ್ರಜ್ಞರು, ರಿಚರ್ಡ್ ಥೇಲರ್ ಮತ್ತು ಜ್ಯಾಕ್ ನೆಚ್ ಎಂಬ ಅರ್ಥಶಾಸ್ತ್ರಜ್ಞರ ಜೊತೆ ಸೇರಿ ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿ, 1990ರಲ್ಲಿ ಪ್ರಕಟಿಸಿದರು. ಅರ್ಧ ಜನರಿಗೆ ಒಂದೊಂದು ಕಾಫಿ ಮಗ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ, ಮಗ್ ಇದ್ದವರು ಅದನ್ನು ಮಾರಲು ಕೇಳಿದ ಬೆಲೆ, ಇಲ್ಲದವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡರಷ್ಟಿತ್ತು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗಾದರೆ ಇಪ್ಪತ್ತು ವರ್ಷದ ಮಿಕ್ಸಿಗೆ ಹೇಗಿರಬೇಡ? ನಾನು ಈಗ ಹಳೇ ವಸ್ತು ಎತ್ತಿಕೊಂಡಾಗ ಅದನ್ನು ಯಾವುದೋ ಗುಜರಿ ಅಂಗಡಿಯಲ್ಲಿ ಕಂಡೆ ಅಂದುಕೊಳ್ಳುತ್ತೇನೆ. ಇದನ್ನು ಇವತ್ತು ದುಡ್ಡು ಕೊಟ್ಟು ಮನೆಗೆ ತರುತ್ತೇನಾ? ಬಹಳ ಸಲ ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ತೆಗೆಯುವುದಕ್ಕಿಂತ ಬರುವುದನ್ನು ತಡೆಯುವುದು ಕಷ್ಟ. ನಮ್ಮ ಬೀರುವಿನಲ್ಲಿ ಅರಿಶಿನ ಕುಂಕುಮದ ಜೊತೆ ಬಂದ ಬ್ಲೌಸ್ ಪೀಸ್‌ಗಳೇ ಒಂದು ಚೀಲ ಇದ್ದವು. ಅದನ್ನು ಮಡಚುತ್ತಾ ಅಮ್ಮ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪು ಮಾಡಿದರು. ಗಂಡ ಮಾರಯ್ಯ ಒಂದು ದಿನ ದಿನದ ಪಾಲಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಆಕೆ ಅದನ್ನು ಒಳಗಿಟ್ಟುಕೊಳ್ಳದೆ ತಂದ ಜಾಗದಲ್ಲೇ ಸುರಿದು ಬನ್ನಿ ಅಂದಳಲ್ಲ. ಬಾಗಿಲಲ್ಲೇ ತೀರ್ಮಾನ! ನಾನು ಅಷ್ಟು ದೊಡ್ಡವಳಲ್ಲ. ಆದರೆ ಆನ್‌ಲೈನ್‌ನಲ್ಲಿ ಏನಾದರೂ ಬೇಕು ಅನ್ನಿಸಿದರೆ ಈಗ ಹದಿನೈದು ದಿನ ಕಾಯುತ್ತೇನೆ.

ಆಚೆ ಹಾಕುವಾಗ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಪೇಪರ್, ಕಬ್ಬಿಣ ಗುಜರಿಗೆ ಸರಿ. ಹಳೇ ಮಾತ್ರೆ, ಟ್ಯೂಬ್‌ಲೈಟ್, ಬ್ಯಾಟರಿ ಇವನ್ನು ಕಸದವರಿಗೆ ಬೇರೆಯಾಗಿ ಕೊಡಬೇಕು. ಇವು ಮನೆಯ ಅಪಾಯಕಾರಿ ಕಸ. ಚಾರ್ಜರು, ವೈರು, ಫೋನು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಹೋಗಲಿ, ತಾಮ್ರಕ್ಕಾಗಿ ವೈರು ಸುಡುವವರಿದ್ದಾರೆ. ಆ ಹೊಗೆ ಬಹಳ ಕೆಟ್ಟದ್ದು. ಬಟ್ಟೆಯನ್ನು ಒಗೆದು, ಬೇಕಾ ಅಂತ ಕೇಳಿ ಕೊಡಿ. ಹರಿದದ್ದನ್ನು ಯಾರಿಗೂ ಕೊಡಬೇಡಿ.

ಕಾಗದಪತ್ರ ಮಾತ್ರ ಒಂದೊಂದೇ ಬಿಡಿಸಿ ನೋಡಿ. ಕ್ರಯಪತ್ರ, ಖಾತೆ, ಕಂದಾಯದ ರಸೀದಿ ಎಷ್ಟೇ ಹಳೆಯದಾಗಲಿ ಇಟ್ಟುಕೊಳ್ಳಿ. ನಮಗೆ ಕರೆಂಟ್ ಬಿಲ್ಲುಗಳ ನಡುವೆ ಅಪ್ಪನ ಒಂದು ಬ್ಯಾಂಕ್ ಪಾಸ್‌ಬುಕ್ ಸಿಕ್ಕಿತು. ಅಮ್ಮನಿಗೂ ಅದು ಗೊತ್ತಿರಲಿಲ್ಲ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆದರೂ ವಾರಸುದಾರರು ಬ್ಯಾಂಕಿನ ಮೂಲಕ ವಾಪಸ್ ಪಡೆಯಬಹುದು. ಇಂಥ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಎಂಬ ಜಾಲತಾಣ ಶುರು ಮಾಡಿದೆ. ಸಿಕ್ಕಿದ್ದು ದೊಡ್ಡ ಮೊತ್ತ ಅಲ್ಲ. ಆದರೆ ಅಮ್ಮ ಆ ದುಡ್ಡಿನಲ್ಲಿ ತಮಗೆ ಅಂತ ಒಂದು ಸೀರೆ ತೆಗೆದುಕೊಂಡರು, ಅಪ್ಪ ಹೋದ ಮೇಲೆ ಮೊದಲ ಸಲ.

ಒಂದು ಎಚ್ಚರಿಕೆಯ ಮಾತು. ಏನನ್ನೂ ಬಿಡಲಾಗದೆ, ಮಲಗಲು, ಅಡುಗೆ ಮಾಡಲು ಕೂಡ ಜಾಗ ಇಲ್ಲದ ಹಾಗೆ ಕೂಡಿಡುವುದು ಒಂದು ಕಾಯಿಲೆ. 2013ರಿಂದ ವೈದ್ಯರು ಅದನ್ನು ಬೇರೆಯೇ ಕಾಯಿಲೆಯಾಗಿ ಪಟ್ಟಿ ಮಾಡಿದ್ದಾರೆ. ಖಿನ್ನತೆ ಇದ್ದವರಿಗೂ ಒಂದು ತಟ್ಟೆ ಎತ್ತಿಡುವುದೇ ಬೆಟ್ಟ ಹತ್ತಿದ ಹಾಗೆ. ಅಂಥವರನ್ನು ಸೋಮಾರಿ ಅನ್ನಬೇಡಿ. ನಿಮಗೇ ಹಾಗಾಗಿದ್ದರೆ ನಿಮ್ಮನ್ನೂ ಅಂದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿಂದ ಶುರು ಮಾಡಲಿ ಅಂದಿರಲ್ಲ. ಅತ್ತೆಯವರ ಟ್ರಂಕಿನಿಂದ ಬೇಡ, ಮಕ್ಕಳ ಹಳೇ ಬಟ್ಟೆಯಿಂದಲೂ ಬೇಡ, ಅಲ್ಲಿ ಕೈ ನಿಂತುಬಿಡುತ್ತದೆ. ಈ ಭಾನುವಾರ ಅಡುಗೆಮನೆಯ ಸಿಂಕಿನ ಕೆಳಗೆ ತುರುಕಿಟ್ಟ ಪ್ಲಾಸ್ಟಿಕ್ ಕವರುಗಳನ್ನು ಹೊರಗೆ ತೆಗೆಯಿರಿ. ಮಕ್ಕಳನ್ನೂ ಅವರಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಷ್ಟು ಬೇಕು ಅಂತ ನಾಲ್ವರೂ ಸೇರಿ ಹೇಳಿ, ಅಷ್ಟನ್ನು ಮಡಚಿ ಒಂದು ಡಬ್ಬಕ್ಕೆ ಹಾಕಿಡಿ. ಅರ್ಧ ಗಂಟೆಯ ಕೆಲಸ.